ಹೊಸ ಹುಡುಗಿಯ ಪಾತ್ರವನ್ನು ‘ಮೇರಿ ಸೂ’ ಅಂದರೆ ಎಲ್ಲಿ ತಿದ್ದಬೇಕು?

ನಿಮ್ಮ ಹ್ಯಾರಿ ಪಾಟರ್ ಅಭಿಮಾನಿ ಕಥೆಯಲ್ಲಿ ಹಾಗ್ವರ್ಟ್ಸ್ ಶಾಲೆಗೆ ನೀವು ತಂದ ಹೊಸ ಹುಡುಗಿಯನ್ನು ಓದುಗರು ಎರಡನೇ ಅಧ್ಯಾಯಕ್ಕೇ ‘ಮೇರಿ ಸೂ’ ಅಂದರು ಅಂದಿರಿ. ಅಂದರೆ ತಪ್ಪೇ ಮಾಡದ, ಎಲ್ಲರೂ ಮೆಚ್ಚಿಬಿಡುವ ಪಾತ್ರ ಅಂತ. ಅವಳ ಜಾಣತನ ಕಾರಣ ಇರಲಾರದು. ಅವಳು ಕಾಲಿಟ್ಟ ತಕ್ಷಣ ಹಳೆಯ ಪಾತ್ರಗಳು ತಮ್ಮ ಸ್ವಭಾವ ಬಿಟ್ಟಿರಬೇಕು. ಕಥೆ ನಾನು ಓದಿಲ್ಲ, ಇದು ಊಹೆ. ಆದರೆ 1973ರಲ್ಲಿ ಪೌಲಾ ಸ್ಮಿತ್ ಸ್ಟಾರ್ ಟ್ರೆಕ್ ಅನ್ನೋ ಟಿವಿ ಧಾರಾವಾಹಿಯ ಅಭಿಮಾನಿ ಕಥೆಗಳನ್ನು ಗೇಲಿ ಮಾಡಿ ಆ ಹೆಸರು ಹುಟ್ಟಿಸಿದಾಗಲೂ ತಮಾಷೆ ಇದ್ದದ್ದು ಅಲ್ಲೇ. ಹದಿನೈದೂವರೆ ವರ್ಷದ ಲೆಫ್ಟಿನೆಂಟ್ ಬರುತ್ತಾಳೆ, ಕ್ಯಾಪ್ಟನ್ ಕರ್ಕ್ ತನ್ನ ಬಾಹ್ಯಾಕಾಶ ಹಡಗನ್ನೇ ಅವಳ ಕೈಗೆ ಕೊಟ್ಟು ಕಾಫಿ ತರಲು ಹೊರಡುತ್ತಾನೆ!

ಮೊದಲು ಸಿಡುಕು ಮೇಷ್ಟ್ರು ಸ್ನೇಪ್ ಇರುವ ದೃಶ್ಯ ತೆರೆಯಿರಿ. ಅವಳ ಹೆಸರಿನ ಜಾಗದಲ್ಲಿ, ಸ್ನೇಪ್ ಸದಾ ಗದರುವ ಹುಡುಗ ನೆವಿಲ್ ಹೆಸರು ಹಾಕಿ ಓದಿ. ಅವನ ಜೊತೆಗೂ ಸ್ನೇಪ್ ಇಷ್ಟು ಮೆತ್ತಗೆ ಮಾತಾಡುತ್ತಾನಾ? ಇಲ್ಲ ಅಂದರೆ ಆ ಸಾಲು ಅಳಿಸಿ. ಆಮೇಲೆ ಹ್ಯಾರಿಗೆ ಸಂಬಂಧವೇ ಇಲ್ಲದ ಒಂದು ಆಸೆ ಅವಳಿಗೆ ಕೊಡಿ. ಒಂದು ಕಡೆ ಅವಳ ನಿರ್ಧಾರ ತಪ್ಪಲಿ, ಅದರ ಬಿಸಿ ಅವಳಿಗೇ ತಟ್ಟಲಿ. ಕಣ್ಣು, ಕೂದಲಿನ ವರ್ಣನೆ ಒಂದೇ ಸಾಲು ಸಾಕು.

ಹಾಗಂತ ಸುಮ್ನೆ ದಡ್ಡಿ ಮಾಡಬೇಡಿ. ಇದೇ ಜಾಣತನ ಹುಡುಗನಿಗಿದ್ದರೆ ಯಾರೂ ಜಾಸ್ತಿ ಕೇಳಲ್ಲ, ಅಲ್ವಾ? ಹೊಸ ಹುಡುಗಿ ಅಂದರೇ ಮೂಗು ಮುರಿಯುವವರಿಗೆ ಏನು ತಿದ್ದಿದರೂ ಹಿಡಿಸದಿರಬಹುದು. ಅದಕ್ಕೇ ಅಭಿಮಾನಿ ಕಥೆಗಳ ತಾಣ ಎಓತ್ರೀಯಲ್ಲಿ (AO3) ‘ಒರಿಜಿನಲ್ ಫೀಮೇಲ್ ಕ್ಯಾರೆಕ್ಟರ್’, ಅಂದರೆ ಬರೆದವರೇ ಹುಟ್ಟಿಸಿದ ಹೆಣ್ಣು ಪಾತ್ರ, ಅನ್ನೋ ಟ್ಯಾಗ್ ಹಾಕಿಬಿಡಿ. ಬೇಡದವರು ಮೊದಲೇ ಫಿಲ್ಟರ್ ಮಾಡಿಕೊಳ್ಳುತ್ತಾರೆ, ಬೇಕಾದವರು ಹುಡುಕಿಕೊಂಡು ಬರುತ್ತಾರೆ.