‘ಭಯಕ್ಕೆ ಅಮಿಗ್ಡಲ, ನೆನಪಿಗೆ ಹಿಪ್ಪೊಕ್ಯಾಂಪಸ್’: ಇಷ್ಟು ಉರು ಹೊಡೆದರೆ ಸಾಕೇ?

ಜೈವಿಕ ಮನೋವಿಜ್ಞಾನ ಈಗಷ್ಟೇ ಓದಲು ಶುರು ಮಾಡಿದ್ದೀರಿ. ಭಯಕ್ಕೆ ಅಮಿಗ್ಡಲ, ನೆನಪಿಗೆ ಹಿಪ್ಪೊಕ್ಯಾಂಪಸ್, ಮಾತಿಗೆ ಬ್ರೋಕಾ ಭಾಗ, ಹೀಗೆ ಮೆದುಳಿನ ಯಾವ ಭಾಗಕ್ಕೆ ಯಾವ ಕೆಲಸ ಎಂದು ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡುತ್ತಿದ್ದೀರಿ. ಇಷ್ಟು ಸಾಕೇ, ಇದೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳಿದ್ದೀರಿ. ನಾನು ಎರಡನೆಯದನ್ನೇ ಮೊದಲು ಹಿಡಿಯುತ್ತೇನೆ. ಅದು ಅರ್ಥವಾದರೆ ಪಟ್ಟಿ ಎಲ್ಲಿ ಕೈಕೊಡುತ್ತದೆ ಎಂಬುದು ತಾನಾಗಿ ಕಾಣುತ್ತದೆ.

ಹಳೆಯ ದಾರಿ ಎಂದರೆ ಮೆದುಳಿಗೆ ಏಟಾದವರಲ್ಲಿ ಏನು ಹೋಯಿತು, ಏನು ಉಳಿಯಿತು ಎಂದು ನೋಡುವುದು. 1861ರಲ್ಲಿ ಪ್ಯಾರಿಸ್‌ನಲ್ಲಿ ವೈದ್ಯ ಪಾಲ್ ಬ್ರೋಕಾ ನೋಡಿದ ರೋಗಿ ಲೆಬೋರ್ನ್ ಏನು ಕೇಳಿದರೂ ಬಹುಪಾಲು ‘ತಾನ್’ ಎಂದಷ್ಟೇ ಹೇಳುತ್ತಿದ್ದ. ಆತ ಸತ್ತ ಮೇಲೆ ನೋಡಿದರೆ ಎಡಗಡೆಯ ಮುಂಭಾಗದ ಹಾಲೆಗೆ ಹಾನಿಯಾಗಿತ್ತು. ಬ್ರೋಕಾ ಭಾಗ ಎಂಬ ಹೆಸರು ಬಂದದ್ದು ಇಲ್ಲಿಂದ. ಆದರೆ ಆ ಮೆದುಳನ್ನು ಕೆಡದಂತೆ ಕಾಪಿಟ್ಟಿದ್ದರಿಂದ 2007ರಲ್ಲಿ ಅದರದೇ ಎಂಆರ್‌ಐ ತೆಗೆದು ಪ್ರಕಟಿಸಿದರು. ಹಾನಿ ಮೇಲ್ಪದರದಲ್ಲೇ ನಿಲ್ಲದೆ ಒಳಗಿನ ನರತಂತುಗಳವರೆಗೂ ಇಳಿದಿತ್ತು. ಈ ದಾರಿಯ ತೊಡಕೇ ಇದು. ಪಾರ್ಶ್ವವಾಯುವಾಗಲಿ ಗೆಡ್ಡೆಯಾಗಲಿ ಪುಸ್ತಕದಲ್ಲಿ ಬಣ್ಣ ಹಚ್ಚಿದ ಗಡಿಗಳನ್ನು ನೋಡಿಕೊಂಡು ಹಾನಿ ಮಾಡುವುದಿಲ್ಲ. ತಂತು ತುಂಡಾದರೆ ದೂರದ, ಗಟ್ಟಿಮುಟ್ಟಾಗಿರುವ ಭಾಗವೂ ಕೆಲಸ ನಿಲ್ಲಿಸಬಹುದು.

ಹಿಪ್ಪೊಕ್ಯಾಂಪಸ್ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಿ, ಇಡೀ ವಿಷಯದಲ್ಲೇ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1953ರಲ್ಲಿ ಹೆನ್ರಿ ಮೊಲೈಸನ್‌ಗೆ ಅಪಸ್ಮಾರ ತಡೆಯಲೆಂದು ಶಸ್ತ್ರಚಿಕಿತ್ಸೆ ಮಾಡಿ, ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನ ದೊಡ್ಡ ಭಾಗವನ್ನೂ ಸುತ್ತಲಿನ ಅಂಗಾಂಶವನ್ನೂ ತೆಗೆದರು. ಅಂದಿನಿಂದ ಹೊಸದಾಗಿ ನಡೆದದ್ದು ಬಹುತೇಕ ಯಾವುದೂ ಆತನ ನೆನಪಿನಲ್ಲಿ ನಿಲ್ಲಲಿಲ್ಲ. ಬಾಲ್ಯದ ನೆನಪು ಉಳಿದಿತ್ತು. ಬುದ್ಧಿಮತ್ತೆ ಕುಂದಿರಲಿಲ್ಲ. ಆಗಷ್ಟೇ ಹೇಳಿದ ಕೆಲವು ಅಂಕಿಗಳನ್ನು ತಿರುಗಿ ಹೇಳುತ್ತಿದ್ದ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಆತನ ಮುಂದೆ ಎರಡೆರಡು ಗೆರೆಗಳಲ್ಲಿ ಬರೆದ ನಕ್ಷತ್ರದ ಚಿತ್ರವಿಟ್ಟರು. ಆ ಎರಡು ಗೆರೆಗಳ ನಡುವಿನ ಸಂದಿಯಲ್ಲೇ ಪೆನ್ಸಿಲ್ ಎಳೆಯಬೇಕು, ಆದರೆ ಕೈಯನ್ನೂ ಚಿತ್ರವನ್ನೂ ಕನ್ನಡಿಯಲ್ಲಿ ಮಾತ್ರ ನೋಡಬೇಕು. ಮೂಲೆ ಬಂದ ಕೂಡಲೇ ಎಂಥವರ ಕೈಯೂ ಉಲ್ಟಾ ಓಡುತ್ತದೆ, ಆತನದೂ ಓಡಿತು. ಮೂರನೇ ದಿನದ ಹೊತ್ತಿಗೆ ತಪ್ಪುಗಳು ಬಹುತೇಕ ಇಲ್ಲವಾದವು. ಹಿಂದೆ ಈ ಕೆಲಸ ಮಾಡಿದ್ದೇ ಆತನಿಗೆ ನೆನಪಿರಲಿಲ್ಲ, ಕೈ ಮಾತ್ರ ಕಲಿತಿತ್ತು!

ಹಾಗಾಗಿ ‘ನೆನಪಿಗೆ ಹಿಪ್ಪೊಕ್ಯಾಂಪಸ್’ ಎಂದು ಬರೆದರೆ ಅರ್ಧ ತಪ್ಪು. ನಡೆದ ಘಟನೆಗಳನ್ನೂ ತಿಳಿದ ಸಂಗತಿಗಳನ್ನೂ ಹೊಸದಾಗಿ ಉಳಿಸಿಕೊಳ್ಳಲು ಅದು ಬೇಕು. ಕೈಚಳಕ ಕಲಿಯಲು ಬೇಸಲ್ ಗ್ಯಾಂಗ್ಲಿಯಾ, ಸೆರೆಬೆಲಮ್ ಮುಂತಾದ ಮೆದುಳಿನ ಬೇರೆ ಭಾಗಗಳು ದುಡಿಯುತ್ತವೆ. ಒಬ್ಬ ರೋಗಿಯಲ್ಲಿ ಮೊದಲನೆಯದು ಹೋಗಿ ಎರಡನೆಯದು ಉಳಿದು, ಇನ್ನೊಬ್ಬರಲ್ಲಿ ಎರಡನೆಯದು ಹೋಗಿ ಮೊದಲನೆಯದು ಉಳಿದರೆ ಅವೆರಡೂ ಬೇರೆ ಬೇರೆ ವ್ಯವಸ್ಥೆಗಳೆಂದು ಧೈರ್ಯವಾಗಿ ಹೇಳಬಹುದು. ಒಬ್ಬ ರೋಗಿಯನ್ನಷ್ಟೇ ನೋಡಿ ಹೇಳಿದರೆ ‘ಎರಡನೇ ಕೆಲಸ ಸುಲಭವಾಗಿತ್ತು, ಅದಕ್ಕೇ ಉಳಿಯಿತು’ ಎಂಬ ಆಕ್ಷೇಪಕ್ಕೆ ಉತ್ತರವಿರುವುದಿಲ್ಲ.

ಇನ್ನು ಸ್ಕ್ಯಾನ್ ಚಿತ್ರಗಳು. ಇಲ್ಲೇ ಹೆಚ್ಚು ಜನ ಎಡವುವುದು. ನರಕೋಶ ಸುಮ್ಮನಿದ್ದಾಗ ಅದರ ಒಳಗೆ ವಿದ್ಯುತ್ ಮಟ್ಟ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಅದು ಮೈನಸ್ 55ರ ಆಸುಪಾಸಿಗೆ ಏರಿದರೆ ಕೋಶ ‘ಸಿಡಿಯುತ್ತದೆ’, ಅಂದರೆ ವಿದ್ಯುತ್ ಮಿಡಿತವೊಂದನ್ನು ಹೊರಡಿಸುತ್ತದೆ, ಅದು ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಮೆದುಳು ಕೆಲಸ ಮಾಡುವಾಗ ತೆಗೆಯುವ ಎಫ್‌ಎಂಆರ್‌ಐ ಸ್ಕ್ಯಾನ್ ಈ ಸಿಡಿತವನ್ನು ಅಳೆಯುವುದೇ ಇಲ್ಲ. ಕೆಲಸ ಹೆಚ್ಚಾದ ಕಡೆಗೆ ಆಮ್ಲಜನಕ ಹೊತ್ತ ರಕ್ತ ಹೆಚ್ಚು ಹರಿಯುತ್ತದಲ್ಲ, ಅದರ ಏರಿಳಿತವನ್ನು ಅಳೆಯುತ್ತದೆ. ಆ ಏರಿಕೆ ತುದಿ ಮುಟ್ಟಲು ಐದಾರು ಸೆಕೆಂಡ್ ಬೇಕು. ಚಿತ್ರದ ಒಂದು ಚುಕ್ಕೆ 3 ಮಿಲಿಮೀಟರ್ ಬದಿಯ ಘನವಾದರೆ, ಅದರೊಳಗೆ ಲಕ್ಷಗಟ್ಟಲೆ ನರಕೋಶಗಳಿರುತ್ತವೆ. ಯಾವಾಗ ನಡೆಯಿತು ಎಂದು ಮಿಲಿಸೆಕೆಂಡಿನ ಲೆಕ್ಕದಲ್ಲಿ ಬೇಕಿದ್ದರೆ ತಲೆಯ ಮೇಲಿಂದ ಮೆದುಳಿನ ವಿದ್ಯುತ್ತನ್ನು ಅಳೆಯುವ ಇಇಜಿ ಬೇಕು, ಆದರೆ ಅದು ಎಲ್ಲಿ ಎಂಬುದನ್ನು ಸರಿಯಾಗಿ ತೋರಿಸುವುದಿಲ್ಲ.

ಲೆಕ್ಕದ ಗುಂಡಿ ಬೇರೆ ಇದೆ. 50,000 ಚುಕ್ಕೆಗಳನ್ನು ಶೇ 5ರ ಮಟ್ಟದಲ್ಲಿ, ಅಂದರೆ ನೂರಕ್ಕೆ ಐದು ಹುಸಿ ಫಲಿತಾಂಶಗಳಿಗೆ ಅವಕಾಶವಿಟ್ಟು ಪರೀಕ್ಷಿಸಿದರೆ, ಏನೂ ನಡೆಯದಿದ್ದರೂ ಸುಮಾರು 2,500 ಚುಕ್ಕೆಗಳು ಬರೀ ಆಕಸ್ಮಿಕವಾಗಿ ‘ಬೆಳಗುತ್ತವೆ’. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನನ್ನೇ ಸ್ಕ್ಯಾನರಿನಲ್ಲಿಟ್ಟು ಇದನ್ನು ತೋರಿಸಿಕೊಟ್ಟರು. ಇಷ್ಟೊಂದು ಪರೀಕ್ಷೆಗಳಿಗೆ ತಕ್ಕಂತೆ ಮಟ್ಟವನ್ನು ಬಿಗಿಗೊಳಿಸುವ ತಿದ್ದುಪಡಿ ಮಾಡದ ಲೆಕ್ಕದಲ್ಲಿ ಅದರ ಮೆದುಳಲ್ಲೂ ಚಟುವಟಿಕೆ ಕಂಡಿತು, ತಿದ್ದುಪಡಿ ಮಾಡಿದ ಕೂಡಲೇ ಮಾಯವಾಯಿತು. ಆ ತಿದ್ದುಪಡಿ ಮಾಡಿದ್ದಾರೋ ಇಲ್ಲವೋ ಎಂದು ನೋಡದೆ ಯಾವ ಸ್ಕ್ಯಾನ್ ಫಲಿತಾಂಶವನ್ನೂ ಒಪ್ಪಬೇಡಿ.

ಅಮಿಗ್ಡಲಕ್ಕೆ ಬರೋಣ. ಹೆದರಿದ ಮುಖಗಳನ್ನು ನೋಡುವಾಗ ಅದು ಚುರುಕಾಗುತ್ತದೆ, ನಿಜ. ಬಹುಮಾನ ಸಿಗುವಾಗಲೂ, ಹೊಸದೇನಾದರೂ ಕಂಡಾಗಲೂ ಚುರುಕಾಗುತ್ತದೆ. ಆದ್ದರಿಂದ ‘ಅಮಿಗ್ಡಲ ಬೆಳಗಿತು, ಅಂದರೆ ಆತ ಹೆದರಿದ್ದ’ ಎಂದು ಹಿಂದುಮುಂದಾಗಿ ಓದುವಂತಿಲ್ಲ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎರಡೂ ಕಡೆಯ ಅಮಿಗ್ಡಲ ಹಾಳಾಗಿದ್ದ ಮೂವರಿಗೆ ಶೇ 35ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿ ಉಸಿರಾಡಿಸಿದರು. ಅವರಲ್ಲಿ ಒಬ್ಬಾಕೆ ಹಾವು, ಜೇಡಗಳಿಗೂ ಹೆದರದವಳು. ಮೂವರೂ ಗಾಬರಿಯಿಂದ ಕಂಗೆಟ್ಟರು. ಹೊರಗಿನ ಅಪಾಯವನ್ನು ಗುರುತಿಸಲು ಅಮಿಗ್ಡಲ ಬೇಕು, ಉಸಿರು ಕಟ್ಟುವ ಭಯಕ್ಕೆ ಬೇರೆ ದಾರಿಯೂ ಇದೆ.

ನಿಮ್ಮ ಪಟ್ಟಿಯನ್ನು ಹರಿದು ಹಾಕಬೇಡಿ, ಪ್ರತಿ ಸಾಲಿಗೆ ಮೂರು ಅಂಕಣ ಸೇರಿಸಿ: ಯಾವ ವಿಧಾನದಿಂದ ಗೊತ್ತಾಯಿತು, ಏನು ಹೋಯಿತು, ಏನು ಉಳಿಯಿತು. ಸ್ಕ್ಯಾನ್ ಮಾತ್ರ ಆಧಾರವಾಗಿದ್ದರೆ ‘ಜೊತೆಗೆ ಕಂಡಿತು’ ಎಂದು ಬರೆಯಿರಿ. ಆ ಭಾಗ ಕೆಟ್ಟಾಗ ಅಥವಾ ಆಯಸ್ಕಾಂತದ ಮಿಡಿತಗಳಿಂದ ಅದರ ಕೆಲಸವನ್ನು ಸ್ವಲ್ಪ ಹೊತ್ತು ಕದಡಿದಾಗ ನಡವಳಿಕೆಯೂ ಬದಲಾಗಿದ್ದರೆ ಮಾತ್ರ ‘ಬೇಕು’ ಎಂಬ ಪದ ಬಳಸಿ. ಮೊದಲ ಸಾಲಿಗೆ ಮೊಲೈಸನ್‌ನನ್ನೇ ತುಂಬಿ. ‘ಏನು ಉಳಿಯಿತು’ ಎಂಬ ಅಂಕಣದಲ್ಲಿ ಕನ್ನಡಿಯ ನಕ್ಷತ್ರ ಬರಲಿ.