ಎ ಶ್ರೇಣಿ ಬಂದ ಮೇಲೆ ಪಿಟೀಲು ಬೇಡವಾಯಿತು

ಮನಸ್ಸಿನ ತೊಂದರೆಗೆ ನನ್ನ ಬಳಿ ಸಲಹೆ ಕೇಳಿ ಬಂದವರೊಬ್ಬರ ಒಪ್ಪಿಗೆ ಪಡೆದು ಬರೆಯುತ್ತಿರುವ ಪ್ರಕರಣ ಇದು. ಹೆಸರು, ವಯಸ್ಸು, ಬಡಾವಣೆ, ಮನೆಯವರ ವಿವರ ಎಲ್ಲವನ್ನೂ ಬದಲಾಯಿಸಿದ್ದೇನೆ. ಪಿಟೀಲನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ. ಅದನ್ನು ತೆಗೆದರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಇಲ್ಲಿ ಅವರನ್ನು ಸುಮಾ ಎನ್ನುತ್ತೇನೆ. ನಲವತ್ತು ದಾಟಿದ, ಮೈಸೂರಿನ ಪಿಟೀಲು ವಿದುಷಿ. ಎಂಟನೆಯ ವಯಸ್ಸಿಗೆ ಕಮಾನು ಹಿಡಿದವರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಹಾಡುಗಾರರಿಗೆ ಪಕ್ಕವಾದ್ಯ ನುಡಿಸುತ್ತಿರುವವರು. ಆಕಾಶವಾಣಿ ಕಲಾವಿದರನ್ನು ಪರೀಕ್ಷಿಸಿ ಕೊಡುವ ಶ್ರೇಣಿಗಳಲ್ಲಿ ಬಿ ಶ್ರೇಣಿಯಿಂದ ಶುರು ಮಾಡಿ, ಬಿ-ಹೈ ದಾಟಿ, ಎರಡು ವರ್ಷದ ಹಿಂದೆ ಎ ಶ್ರೇಣಿ ಪಡೆದಿದ್ದರು. ಅಂದು ಮನೆಯಲ್ಲಿ ಹೋಳಿಗೆ ಮಾಡಿದ್ದರಂತೆ. "ಒಂದು ತಿಂಗಳು ಖುಷಿಯಾಗಿದ್ದೆ. ಆಮೇಲೆ ಪೆಟ್ಟಿಗೆ ತೆರೆಯುವುದೇ ಬೇಸರವಾಗತೊಡಗಿತು. ತೆರೆದರೆ ನುಡಿಸುತ್ತೇನೆ, ಚೆನ್ನಾಗಿಯೇ ನುಡಿಸುತ್ತೇನೆ. ಭಯವಾಗುವುದು ಅದಕ್ಕೇ, ಮೇಡಂ" ಎಂದರು.

ಆ ಭಯ ಯಾವುದೆಂದು ಕೇಳಿದಾಗ ಒಂದು ರಾಮನವಮಿ ಕಛೇರಿಯ ಮಾತು ಬಂತು. ಹಾಡುಗಾರರು ಖರಹರಪ್ರಿಯ ರಾಗವನ್ನು ವಿಸ್ತಾರವಾಗಿ ಆಲಾಪಿಸಿ ಇವರ ಕಡೆ ಕೈ ತೋರಿಸಿದರು. ಇವರು ನುಡಿಸಿದರು. ಮುಂದಿನ ಸಾಲಿನ ಹಿರಿಯರು ತಲೆದೂಗಿದರು, ಚಪ್ಪಾಳೆಯೂ ಬಿತ್ತು. "ಅಷ್ಟು ಹೊತ್ತೂ ನಾನು ಯೋಚಿಸುತ್ತಿದ್ದದ್ದು ನಾಳೆಯ ಸಾರಿಗೆ ತೊಗರಿಬೇಳೆ ಉಳಿದಿದೆಯೋ ಇಲ್ಲವೋ ಎಂದು. ಕೈ ತನ್ನ ಪಾಡಿಗೆ ತಾನು ನುಡಿಸಿತು." ಇದನ್ನು ಹೇಳುವಾಗ ನಕ್ಕರು, ಮರುಕ್ಷಣವೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇಂಥ ಮಾತು ಕೇಳಿದ ಕೂಡಲೇ ಸಂಗೀತದ ಚರ್ಚೆಗೆ ಇಳಿಯಬಾರದು. ಮೊದಲು ಖಿನ್ನತೆ ಇದೆಯೇ ಎಂದು ನೋಡಬೇಕು. ನಿದ್ದೆ ಸರಿಯಾಗಿತ್ತು, ಊಟ ಸೇರುತ್ತಿತ್ತು, ಮಗಳೊಂದಿಗೆ ಸಿನಿಮಾ ನೋಡಿ ನಗುತ್ತಿದ್ದರು, ಮಹಡಿಯ ಮೇಲಿನ ಕುಂಡಗಳಲ್ಲಿ ಬದನೆ, ಕೊತ್ತಂಬರಿ ಬೆಳೆಸುವ ಹುರುಪು ಇತ್ತು. ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆ, ತೊಂದರೆ ಇರಲಿಲ್ಲ. ಎಡಭುಜದಲ್ಲಿ ಸ್ವಲ್ಪ ಬಿಗಿತವಿತ್ತು, ಅದಕ್ಕೆ ಫಿಸಿಯೋಥೆರಪಿಯವರ ಬಳಿ ಕಳುಹಿಸಿದೆ. ಎಲ್ಲದರಲ್ಲೂ ಆಸಕ್ತಿ ಹೋಗಿ, ನಿದ್ದೆ ಕೆಟ್ಟು, ಅದು ಎರಡು ವಾರಕ್ಕೂ ಮೀರಿ ಮುಂದುವರಿದಿದ್ದರೆ ದಾರಿಯೇ ಬೇರೆ. ಆಗ ಮೊದಲು ಮನೋವೈದ್ಯರನ್ನು ಕಾಣಬೇಕು, ಅಥವಾ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಸುಮಾ ಅವರ ಬೇಸರ ಪಿಟೀಲಿಗಷ್ಟೇ ಅಂಟಿಕೊಂಡಿತ್ತು.

ಅಷ್ಟರಲ್ಲಾಗಲೇ ಅವರಿಗೆ ಎರಡು ಸಲಹೆಗಳು ಸಿಕ್ಕಿದ್ದವು. ಮನೆಯವರು "ಸ್ವಲ್ಪ ದಿನ ಎಲ್ಲ ಬಿಟ್ಟು ಆರಾಮಾಗಿರು" ಎಂದಿದ್ದರು. ಅದರಂತೆ ಶಿವಮೊಗ್ಗದ ಅಕ್ಕನ ಮನೆಯಲ್ಲಿ ಕೆಲವು ದಿನ ಇದ್ದು ಬಂದಿದ್ದರು. ಮರಳಿ ಬಂದು ಪೆಟ್ಟಿಗೆ ಮುಟ್ಟಿದಾಗ ಮೊದಲಿನ ಬೇಸರವೇ. ಗುರುಗಳು "ಸಾಧನೆ ಕಡಿಮೆಯಾಗಿದೆ, ಇನ್ನೂ ಒಂದು ಗಂಟೆ ಸೇರಿಸಮ್ಮ" ಎಂದಿದ್ದರು. ಅದನ್ನೂ ಮಾಡಿ ನೋಡಿದ್ದರು. ಕೈ ಇನ್ನಷ್ಟು ಚುರುಕಾಯಿತು, ಮನಸ್ಸು ಇನ್ನಷ್ಟು ದೂರವಾಯಿತು. ನನಗೆ ಈ ಎರಡು ವಿಫಲ ಪ್ರಯತ್ನಗಳೇ ಉಪಯೋಗಕ್ಕೆ ಬಂದವು. ದಣಿವಿನಿಂದ ಬಂದ ಬೇಸರ ಬಿಡುವು ಸಿಕ್ಕರೆ ಕಡಿಮೆಯಾಗಬೇಕು. ಕೌಶಲ ಸಾಲದೆ ಬಂದ ಬೇಸರ ಅಭ್ಯಾಸದಿಂದ ಕಡಿಮೆಯಾಗಬೇಕು. ಎರಡಕ್ಕೂ ಜಗ್ಗದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಅವರ ದಿನಚರಿಯನ್ನು ಹೇಳಿಸಿದೆ. ಬೆಳಿಗ್ಗೆ ಐದೂವರೆಗೆ ಅಮೆರಿಕದ ಮಕ್ಕಳಿಗೆ ಆನ್‌ಲೈನ್ ಪಾಠ. ಆಮೇಲೆ ತಿಂಡಿ, ಮಗಳ ಶಾಲೆ. ಹತ್ತರಿಂದ ಹನ್ನೆರಡು ಸಾಧನೆ: ವರ್ಣಗಳೆಂಬ ಅಭ್ಯಾಸದ ರಚನೆಗಳು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ನಂತರ ಮುಂದಿನ ಕಛೇರಿಯ ಹಾಡುಗಾರರು ಕಳುಹಿಸಿದ ಪಟ್ಟಿಯ ಕೃತಿಗಳು. ಸಂಜೆ ಮನೆಗೆ ಬರುವ ಶಿಷ್ಯರು. ವಾರಾಂತ್ಯಕ್ಕೆ ಕಛೇರಿ, ಮದುವೆ ಹಂಗಾಮಿನಲ್ಲಿ ಆರತಕ್ಷತೆಗಳು. ಹೇಳುತ್ತಾ ಹೋದಂತೆ ಅವರ ಬಲಗೈ ಕುರ್ಚಿಯ ತೋಳಿನ ಮೇಲೆ ಆದಿತಾಳ ಹಾಕುತ್ತಿತ್ತು. "ಇದರಲ್ಲಿ ನೀವಾಗಿ ಆರಿಸಿಕೊಂಡು ನುಡಿಸುವುದು ಯಾವಾಗ?" ಎಂದೆ. ಕೈ ನಿಂತಿತು. ಯೋಚಿಸಿ, "ಪಕ್ಕವಾದ್ಯದವರು ಆರಿಸಿಕೊಳ್ಳುವುದು ಏನಿರುತ್ತದೆ, ಮೇಡಂ? ರಾಗ ಅವರದು, ಕೃತಿ ಅವರದು, ಕಾಲಪ್ರಮಾಣ ಅವರದು" ಎಂದರು.

ಮಗಳ ಹಳೆಯ ನೋಟುಪುಸ್ತಕದ ಖಾಲಿ ಹಾಳೆಗಳಲ್ಲಿ ಕೆಲವು ವಾರ ಒಂದು ಲೆಕ್ಕ ಬರೆಯಲು ಹೇಳಿದೆ. ಪಿಟೀಲು ಕೈಗೆತ್ತಿಕೊಂಡ ಪ್ರತಿ ಸಲವೂ ಎರಡು ಅಂಕಿ: ಎಷ್ಟು ಶ್ರಮವಾಯಿತು, ಎಷ್ಟು ನನ್ನದು ಎನಿಸಿತು. ಹತ್ತಕ್ಕೆ ಇಷ್ಟು ಎಂದು. ಅವರು ತಂದ ಪುಸ್ತಕದಲ್ಲಿ ಎರಡನೆಯ ಕಾಲಂ ತುಂಬಾ ಒಂದು, ಎರಡು, ಒಂದು. ಮಧ್ಯೆ ಒಂದು ಕಡೆ ಎಂಟು. ಪಕ್ಕದಲ್ಲಿ 'ಕರೆಂಟು ಹೋಯಿತು' ಎಂದಷ್ಟೇ ಬರೆದಿತ್ತು. ಆ ಬೆಳಿಗ್ಗೆ ವಿದ್ಯುತ್ ಕೈಕೊಟ್ಟು ವೈಫೈ ನಿಂತು ಪಾಠ ಅರ್ಧಕ್ಕೇ ತುಂಡಾಗಿತ್ತು. ಕೈಯಲ್ಲಿದ್ದ ಪಿಟೀಲನ್ನು ಕೆಳಗಿಡದೆ, ಪಾಠ ಮಾಡುತ್ತಿದ್ದ ಗೀತೆಯ ರಾಗವನ್ನೇ ಹಿಡಿದು ಸುಮ್ಮನೆ ಎಲ್ಲೆಲ್ಲೋ ಓಡಾಡಿದ್ದರು. ಯಾರೂ ಕಲಿಸದ ಒಂದು ಸಂಚಾರ ಬೆರಳಿಗೆ ಸಿಕ್ಕಿತ್ತಂತೆ. ಮಗಳು ಬಂದು "ಅಮ್ಮಾ, ತಿಂಡಿ?" ಎನ್ನುವವರೆಗೆ ಹೊತ್ತು ಹೋದದ್ದು ತಿಳಿದಿರಲಿಲ್ಲ.

ನನಗೆ ಅಷ್ಟು ಸಾಕಾಗಿತ್ತು. ಪ್ರೀತಿ ಸತ್ತಿರಲಿಲ್ಲ, ಅದಕ್ಕೆ ದಿನದಲ್ಲಿ ಜಾಗವಿರಲಿಲ್ಲ.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ದೀರ್ಘಕಾಲ ಉಳಿಯುವ ಪ್ರೇರಣೆಗೆ ಮೂರು ಆಹಾರಗಳನ್ನು ಹೇಳುತ್ತಾರೆ: ಇದನ್ನು ನಾನೇ ಆರಿಸಿಕೊಂಡೆ ಎಂಬ ಭಾವ, ನನ್ನ ಕೈಲಾಗುತ್ತಿದೆ ಎಂಬ ಭರವಸೆ, ಜೊತೆಗೆ ಜನ ಇದ್ದಾರೆ ಎಂಬ ನಂಟು. ಸುಮಾ ಅವರಿಗೆ ಎರಡನೆಯದು ಹೇರಳವಾಗಿತ್ತು, ಮೂರನೆಯದೂ ಇತ್ತು. ಮೊದಲನೆಯದು ಬಹುಕಾಲದಿಂದ ಉಪವಾಸ. ಇಷ್ಟು ವರ್ಷ ಅದು ಗೊತ್ತಾಗದೇ ಇದ್ದದ್ದು ಹೇಗೆ? ಮುಂದೆ ಎ ಶ್ರೇಣಿ ಎಂಬುದೊಂದು ಕಾಣುತ್ತಿತ್ತು. ಅದರ ಆಸೆಯೇ ಗಾಡಿಯನ್ನು ಎಳೆಯುತ್ತಿತ್ತು. ಅದು ಕೈಗೆ ಬಂದ ದಿನ ಎಳೆಯುವುದು ನಿಂತಿತು. ಇದೇ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಗಟು ಕೊಟ್ಟು, ಕೆಲವರಿಗೆ ಬಿಡಿಸಿದ್ದಕ್ಕೆ ಹಣ ಕೊಟ್ಟರು. ಹಣ ನಿಲ್ಲಿಸಿದ ಮೇಲೆ ಅವರು ಬಿಡುವಿನ ಹೊತ್ತಿನಲ್ಲಿ ಒಗಟನ್ನು ಮುಟ್ಟುವುದು ಕಡಿಮೆಯಾಯಿತು. ಬಹುಮಾನ ಕೆಟ್ಟದ್ದೆಂದು ಇದರ ಅರ್ಥ ಮಾಡಬೇಕಿಲ್ಲ. ಶ್ರೇಣಿ ಬೇಕು, ಸಂಭಾವನೆ ಬೇಕು. ಕಲಾವಿದರು ಗಾಳಿ ಕುಡಿದು ಬದುಕಲಾರರು. ಆದರೆ ಅದೊಂದೇ ಕಾರಣವಾಗಿ ಉಳಿದರೆ ಅದರ ಬೆನ್ನಿಗೇ ಬೇಸರವೂ ಬರುತ್ತದೆ.

ಇದನ್ನು ಕೇಳಿದ ಸುಮಾ ಅವರು ನೇರವಾಗಿ ಇನ್ನೊಂದು ತುದಿಗೆ ಹಾರಿದರು: "ಹಾಗಾದರೆ ಸಂತೋಷ ಕೊಡದ ಸಾಧನೆಯನ್ನೆಲ್ಲ ಬಿಟ್ಟುಬಿಡಲೇ?" ಈಚೆಗೆ ಈ ಪ್ರಶ್ನೆ ನನಗೆ ಪದೇ ಪದೇ ಎದುರಾಗುತ್ತಿದೆ. 'ಖುಷಿ ಕೊಡುವುದನ್ನಷ್ಟೇ ಮಾಡಿ' ಎಂಬ ಉಪದೇಶ ಮೊಬೈಲಿನಲ್ಲಿ ಧಾರಾಳವಾಗಿ ಸಿಗುತ್ತದೆ. ನನಗೆ ಅದರ ಮೇಲೆ ಗೌರವವಿಲ್ಲ. ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಒಬ್ಬರೇ ಕುಳಿತು ಮಾಡುವ ಅಭ್ಯಾಸವೇ ಬೆಳವಣಿಗೆಗೆ ಎಲ್ಲಕ್ಕಿಂತ ಮುಖ್ಯ ಎಂದು ಆ ವಿದ್ಯಾರ್ಥಿಗಳು ಹೇಳಿದ್ದರು. ಅದು ಅಷ್ಟೇನೂ ಸಂತೋಷದ ಕೆಲಸವಲ್ಲ ಎಂದೂ ಹೇಳಿದ್ದರು. ಆ ಲೇಖನದಿಂದ, ಪರಿಣತಿಗೆ ಹತ್ತು ಸಾವಿರ ಗಂಟೆಯ ಅಭ್ಯಾಸ ಬೇಕೆಂಬ ಲೆಕ್ಕವನ್ನು ಮಾತ್ರ ಜಗತ್ತು ಎತ್ತಿಕೊಂಡಿತು. ಅವರಲ್ಲಿ ಉತ್ತಮರಾದವರು ಹೆಚ್ಚು ನಿದ್ದೆ ಮಾಡುತ್ತಿದ್ದರು, ಮಧ್ಯಾಹ್ನವೂ ಮಲಗುತ್ತಿದ್ದರು, ಅಭ್ಯಾಸವನ್ನು ತುಂಡು ತುಂಡು ಮಾಡಿ ನಡುವೆ ವಿರಾಮ ತೆಗೆದುಕೊಳ್ಳುತ್ತಿದ್ದರು ಎಂಬ ಮಾತುಗಳನ್ನು ಯಾರೂ ಗೋಡೆಗೆ ಅಂಟಿಸಿಕೊಳ್ಳಲಿಲ್ಲ.

ಹಾಗಾಗಿ ನಾನು ಕೊಟ್ಟ ಸಲಹೆ ಹೀಗಿತ್ತು. ಬೆಳಗಿನ ಎರಡು ಗಂಟೆಯನ್ನು ಒಡೆಯಿರಿ. ಮೊದಲ ಮುಕ್ಕಾಲು ಗಂಟೆ ಒಣ ಸಾಧನೆ. ಅದರಿಂದ ಸಂತೋಷವನ್ನು ಕೇಳಲೇಬೇಡಿ, ಆದರೆ ಒಂದೇ ಒಂದು ಸಣ್ಣ ಗುರಿ ಇರಲಿ. ಮೂರು ಕಾಲದಲ್ಲಿ ಎಲ್ಲ ವರ್ಣಗಳ ಬದಲು ಒಂದೇ ವರ್ಣದ ಚರಣ, ಅದರಲ್ಲೂ ಕಮಾನು ತಿರುಗುವ ಜಾಗದಲ್ಲಿ ನಾದ ಒಡೆಯದಂತೆ. ಆಮೇಲೆ ಎದ್ದು ಕಾಫಿ ಕುಡಿಯಿರಿ. ನಂತರ ಅರ್ಧ ಗಂಟೆ ಯಾರಿಗೂ ಕೇಳಿಸಬೇಕಿಲ್ಲದ ನುಡಿಸುವಿಕೆ: ರಾಗ ನಿಮ್ಮದು, ತಪ್ಪು ನಿಮ್ಮದು, ನಿಲ್ಲಿಸುವ ಹೊತ್ತೂ ನಿಮ್ಮದು. ಕಛೇರಿಯ ಪಟ್ಟಿಗೆ ಉಳಿದ ಸಮಯ ಸಾಕು. ಆ ಕೃತಿಗಳಲ್ಲಿ ಮುಕ್ಕಾಲು ಪಾಲು ನಿಮಗೆ ನಿದ್ದೆಯಲ್ಲೂ ಬರುತ್ತವೆ.

ಮೊದಲಿಗೆ ಚೆನ್ನಾಗಿ ನಡೆಯಿತು. ಬಳಿಕ ಬಂದಾಗ ಮುಖ ಸಪ್ಪಗಿತ್ತು. ಆ ಅರ್ಧ ಗಂಟೆಯ ಒಂದು ತುಣುಕನ್ನು ಶಿಷ್ಯೆಯೊಬ್ಬಳು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದ್ದಳು, ಜನ ಮೆಚ್ಚಿದ್ದರು, ಇವರು ಮಾರನೆಯ ದಿನದಿಂದ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೂರತೊಡಗಿದ್ದರು. ಪುಸ್ತಕದಲ್ಲಿ ಎರಡನೆಯ ಕಾಲಂ ಮತ್ತೆ ಎರಡಕ್ಕೆ ಇಳಿದಿತ್ತು. ನಾನು ಏನನ್ನೂ ವಿವರಿಸಬೇಕಾಗಲಿಲ್ಲ. "ಮೊಬೈಲು ಅಡುಗೆಮನೆಯಲ್ಲಿರುತ್ತದೆ" ಎಂದು ಅವರೇ ಹೇಳಿದರು.

ಇನ್ನೊಂದು ತೊಡಕು ಉಳಿದಿತ್ತು. ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಎಂಬ ವಿದ್ವಾಂಸರು ಕೆಲಸದಲ್ಲಿ ಮೈಮರೆಯುವ ಸ್ಥಿತಿಯ ಬಗ್ಗೆ ಬಹುಕಾಲ ಅಧ್ಯಯನ ಮಾಡಿದವರು. ಸವಾಲು ಕೌಶಲಕ್ಕಿಂತ ತೀರಾ ದೊಡ್ಡದಾದರೆ ಆತಂಕ, ತೀರಾ ಚಿಕ್ಕದಾದರೆ ಬೇಸರ ಎಂಬುದು ಅವರ ತಿಳಿವಳಿಕೆಯ ತಿರುಳು. ಸುಮಾ ಅವರು ಕೊನೆಯದಾಗಿ ಹೊಸತೊಂದನ್ನು ಕಲಿತದ್ದು ಯಾವಾಗ ಎಂದರೆ ಅವರಿಗೆ ನೆನಪಿಗೆ ಬರಲಿಲ್ಲ. ಮದುವೆಗೆ ಮುಂಚೆ ಇರಬೇಕು ಎಂದರು. ಕಲಿಸುವುದರಲ್ಲಿ, ನುಡಿಸುವುದರಲ್ಲಿ ಹಳೆಯ ಗಂಟನ್ನೇ ಬಿಚ್ಚಿ ಹಂಚುತ್ತಾ ಬಂದಿದ್ದರು. ಮತ್ತೆ ಶಿಷ್ಯೆಯಾಗಿ ಕೂರಬೇಕು, ತಡವರಿಸಬೇಕು ಎಂದೆ. ಎ ಶ್ರೇಣಿಯ ವಿದುಷಿಗೆ ಇದು ಸಲೀಸಲ್ಲ, "ಜನ ಏನೆಂದಾರು?" ಎಂಬ ಮಾತು ಬಂದೇ ಬಂತು.

ಆರಿಸಿಕೊಂಡದ್ದು ಅವರೇ, ಮತ್ತು ಒಳ್ಳೆಯ ಆಯ್ಕೆ. ಅಗ್ರಹಾರದ ಕಡೆ ಇರುವ ವಯಸ್ಸಾದ ವೀಣಾ ವಿದುಷಿಯೊಬ್ಬರ ಮನೆಗೆ ವಾರಕ್ಕೊಮ್ಮೆ ಹೋಗಿ, ವೀಣೆಯ ತಾನವನ್ನು, ಅಂದರೆ ತಾಳವಿಲ್ಲದೆ ಲಯ ಹಿಡಿದು ರಾಗವನ್ನು ಬೆಳೆಸುವ ಬಗೆಯನ್ನು, ಪಿಟೀಲಿಗೆ ಇಳಿಸಿಕೊಳ್ಳುವುದು. ನಾಟ, ಗೌಳ, ಆರಭಿ, ವರಾಳಿ, ಶ್ರೀ, ತಾನಕ್ಕೆ ಹೆಸರಾದ ಈ ಐದು ಘನರಾಗಗಳಲ್ಲಿ. ಮೀಟಿನಿಂದ ಹುಟ್ಟುವ ಲಯವನ್ನು ಕಮಾನಿನಿಂದ ಹೊಮ್ಮಿಸುವುದು ಹೇಗೆ ಎಂಬುದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಆ ಅಜ್ಜಿ ಮೊದಲ ದಿನ ನನ್ನ ನಾಟ ಕೇಳಿ, 'ಇದು ತಾನವಲ್ಲ ಕಣೇ, ಕುದುರೆ ಓಡಿಸುತ್ತಿದ್ದೀಯೆ' ಎಂದರು. ಬಸ್ಸಿನಲ್ಲಿ ಬರುವಾಗ ನಗು ತಡೆಯಲಾಗಲಿಲ್ಲ" ಎಂದು ಹೇಳುವಾಗ ಅವರ ಕೈ ಗಾಳಿಯಲ್ಲೇ ಕಮಾನು ಎಳೆಯುತ್ತಿತ್ತು. ಪಕ್ಕವಾದ್ಯದವರಿಗೆ ಸ್ವಂತದ್ದೇನಿದೆ ಎಂಬ ಮಾತನ್ನು ಅವರು ಈಗ ಆಡುವುದಿಲ್ಲ. ಮೈಸೂರಿನಲ್ಲಿ ಆ ಮಾತು ಎಂದೂ ನಿಲ್ಲುವಂಥದ್ದಲ್ಲ; ತಿರುಮಕೂಡಲಿನಿಂದ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ, ಘಟಾನುಘಟಿಗಳಿಗೆ ಪಕ್ಕವಾದ್ಯ ನುಡಿಸುತ್ತಲೇ ಏಳು ತಂತಿಯ ಪಿಟೀಲನ್ನು ರೂಢಿಗೆ ತಂದ ಟಿ. ಚೌಡಯ್ಯನವರ ಊರು ಇದು.

ಮನೆಯಲ್ಲಿ ಎಲ್ಲವೂ ಸುಸೂತ್ರವಾಗಿಲ್ಲ. ವಾರಕ್ಕೆ ಒಂದು ಆನ್‌ಲೈನ್ ತರಗತಿ ಬಿಟ್ಟಿದ್ದಾರೆ, ಆರತಕ್ಷತೆಗಳನ್ನು ಒಪ್ಪಿಕೊಳ್ಳುವುದು ಕಡಿಮೆ ಮಾಡಿದ್ದಾರೆ, ವರಮಾನ ಇಳಿದಿದೆ. "ದುಡ್ಡು ಕೊಡುವವರನ್ನು ಬಿಟ್ಟು, ದುಡ್ಡು ಕೊಟ್ಟು ಕಲಿಯಲು ಹೋಗುತ್ತಾಳೆ" ಎಂದು ಅತ್ತೆಯವರು ನೆಂಟರ ಮುಂದೆ ಹೇಳುತ್ತಾರಂತೆ. ಅತ್ತೆಯವರ ಲೆಕ್ಕ ತಪ್ಪೆಂದು ನಾನು ಹೇಳಲಾರೆ. ಎಷ್ಟು ಇಳಿದರೆ ಸಂಸಾರಕ್ಕೆ ತೊಂದರೆ ಎಂಬ ಮೊತ್ತವನ್ನು ಗಂಡಹೆಂಡತಿ ಕುಳಿತು ಬರೆದುಕೊಳ್ಳಿ, ಅದರ ಕೆಳಗೆ ಹೋಗದಂತೆ ನೋಡಿಕೊಳ್ಳಿ ಎಂದಷ್ಟೇ ಹೇಳಿದೆ. ಬರೆದುಕೊಂಡಿದ್ದಾರೆ.

ಬೇಸರದ ದಿನಗಳು ಈಗಲೂ ಇವೆ. ಗಣೇಶ ಹಬ್ಬದ ಕಛೇರಿಗಳ ಸಾಲಿನಲ್ಲಿ ಒಂದೆರಡು ಕಡೆ ಕೈ ತನ್ನ ಪಾಡಿಗೆ ತಾನು ನುಡಿಸಿತಂತೆ. ಒಂದು ಕಡೆ ಮಾತ್ರ, ಹಾಡುಗಾರರು ಆರಭಿ ಹಾಡಿ ಬಿಟ್ಟುಕೊಟ್ಟಾಗ, ಅಜ್ಜಿಯ ಮನೆಯ ಒಂದು ಹಿಡಿತ ತಾನಾಗಿ ಬಂದು ಕುಳಿತಿತು. ಅರ್ಧ ನಿಮಿಷದ್ದು. ಮೃದಂಗದವರು ತಿರುಗಿ ನೋಡಿದರು. ಈಗ ಒಂದು ಸಭೆಯವರು ತನಿಯಾಗಿ ಪಿಟೀಲು ಕಛೇರಿ ಮಾಡುವಿರಾ ಎಂದು ಕೇಳಿದ್ದಾರೆ, ಇವರು ಇನ್ನೂ ಉತ್ತರ ಕೊಟ್ಟಿಲ್ಲ. ಒಪ್ಪಿಕೊಳ್ಳಲೇ ಎಂದು ನನ್ನನ್ನು ಕೇಳಿದರು. ಅದನ್ನು ನಾನು ಹೇಳುವುದಿಲ್ಲ ಎಂದೆ. ದಸರೆ ಮುಗಿದ ಮೇಲೆ ಬರುತ್ತಾರೆ. ಅಷ್ಟರೊಳಗೆ ನೋಟುಪುಸ್ತಕಕ್ಕೆ ಮೂರನೆಯ ಕಾಲಂ ಒಂದನ್ನು ಗೆರೆ ಹಾಕಿಕೊಂಡಿದ್ದಾರೆ, ಇಂದು ತಿಳಿದದ್ದು ಏನು ಎಂದು ಬರೆಯಲು.