ಲ್ಯಾಪ್‌ಟಾಪ್ ಪರದೆಯ ಬಣ್ಣ ಕೆಟ್ಟಿದೆ: ಒರಿಜಿನಲ್ ಪ್ಯಾನೆಲ್ ಹಾಕಿಸಲೇ, ಕಂಪ್ಯಾಟಿಬಲ್ ಸಾಕೇ?

ಲ್ಯಾಪ್‌ಟಾಪ್ ಪರದೆಯ ಬಣ್ಣ ಕೆಟ್ಟಿದೆ, ಪ್ಯಾನೆಲ್ (ಚಿತ್ರ ಮೂಡಿಸುವ ಪರದೆಯ ಭಾಗ) ಬದಲಿಸಲು ಕಂಪನಿಯ ಒರಿಜಿನಲ್ಲೇ ಬೇಕೇ, ಅದಕ್ಕೆ ಹೊಂದುವ ಬೇರೆ ತಯಾರಿಕೆಯ ಕಂಪ್ಯಾಟಿಬಲ್ ಸಾಕೇ ಎಂದು ಕೇಳಿದ್ದೀರಿ. ಅದರಲ್ಲಿ ‘ಕೆಲವೊಮ್ಮೆ ಬಣ್ಣ ತಾನಾಗಿಯೇ ಸರಿಹೋಗುತ್ತದೆ’ ಎಂದು ನೀವು ಬರೆದಿರುವುದನ್ನು ಓದಿದ ಕೂಡಲೇ ಉತ್ತರಿಸಲು ಕುಳಿತೆ. 2014ರಲ್ಲಿ ನನ್ನ ಲ್ಯಾಪ್‌ಟಾಪ್ ಕೂಡ ಹೀಗೆಯೇ ಮಾಡುತ್ತಿತ್ತು, ನನಗೂ ಯಾವ ಪ್ಯಾನೆಲ್ ಕೊಳ್ಳಬೇಕೆಂಬುದೊಂದೇ ಚಿಂತೆಯಾಗಿತ್ತು.

ಆಗ ನಾನು ಹಾಸನದಲ್ಲಿ ಮದುವೆ ಆಲ್ಬಮ್‌ಗಳ ವಿನ್ಯಾಸ ಮಾಡಿಕೊಡುತ್ತಿದ್ದೆ. ಒಂದು ಬೆಳಿಗ್ಗೆ ಧಾರೆಯ ಚಿತ್ರಗಳನ್ನು ತೆರೆದರೆ ವಧುವಿನ ಹಣೆಯ ಕುಂಕುಮ ಕಪ್ಪಾಗಿತ್ತು, ಕೆನ್ನೆಯ ಅರಿಶಿನ ಹಸಿರಾಗಿತ್ತು, ವರನ ಬಿಳಿ ಪಂಚೆ ನೀಲಿ ಬೆರೆತ ಹಸಿರಿಗೆ ತಿರುಗಿತ್ತು. ಪರದೆಯಲ್ಲಿ ಕೆಂಪೇ ಇರಲಿಲ್ಲ. ಪಕ್ಕದ ಸ್ಟುಡಿಯೋದವರ ಮಾನಿಟರ್‌ಗೆ ಜೋಡಿಸಿ ನೋಡಿದಾಗ ಬಣ್ಣಗಳೆಲ್ಲ ಸರಿಯಾಗಿದ್ದವು. ಹಾಗಾದರೆ ಮದರ್‌ಬೋರ್ಡ್ (ಲ್ಯಾಪ್‌ಟಾಪ್‌ನ ಮುಖ್ಯ ಸರ್ಕ್ಯೂಟ್ ಫಲಕ) ಚೆನ್ನಾಗಿದೆ, ಹೋಗಿರುವುದು ಪ್ಯಾನೆಲ್ ಎಂದು ನಾನೇ ತೀರ್ಮಾನಿಸಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಸ್ ಹತ್ತಿದೆ. ಅಂಗಡಿಯವರು ನಾನು ಹೇಳಿದ್ದನ್ನೇ ನಂಬಿ 4,800 ರೂಪಾಯಿಗೆ ಹೊಸ ಪ್ಯಾನೆಲ್ ಹಾಕಿದರು. ಕುಂಕುಮ ಮತ್ತೆ ಕೆಂಪಾಯಿತು. ಹಳೆಯ ಪ್ಯಾನೆಲನ್ನು ಅಲ್ಲಿಯೇ ಬಿಟ್ಟು ನೆಮ್ಮದಿಯಿಂದ ಊರಿಗೆ ಬಂದೆ. ಹನ್ನೊಂದನೆಯ ದಿನ ಕುಂಕುಮ ಪುನಃ ಕಪ್ಪಾಯಿತು.

ಹಾಸನದಲ್ಲೇ ರಿಪೇರಿ ಮಾಡುವ ಹುಡುಗನೊಬ್ಬನ ಬಳಿ ಒಯ್ದೆ. ಆತ ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಬಿಳಿಯ ಪುಟವೊಂದನ್ನು ಪರದೆ ತುಂಬ ತೆರೆದಿಟ್ಟು, ಒಂದೇ ಬೆರಳಿನಿಂದ ಮುಚ್ಚಳವನ್ನು ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಬಾಗಿಸಿದ. ಅರ್ಧ ಬಾಗಿದಾಗ ಬಿಳಿ ಬಣ್ಣ ಹಸಿರುನೀಲಿಯಾಯಿತು, ಇನ್ನಷ್ಟು ಬಾಗಿಸಿದಾಗ ಮತ್ತೆ ಬಿಳಿಯಾಯಿತು. ‘ಸಾರ್, ಇದು ಪ್ಯಾನೆಲ್ ಅಲ್ಲ, ಕೇಬಲ್ಲು’ ಎಂದ. ಮುಚ್ಚಳ ತಿರುಗುವ ಹಿಂಜ್ ಮೇಲಿನ ಪ್ಲಾಸ್ಟಿಕ್ ತೆಗೆದಾಗ, ಕೇಬಲ್ ಬಾಗುವ ಜಾಗದಲ್ಲಿ ಕಪ್ಪು ಟೇಪು ಸವೆದು, ಕೂದಲೆಳೆಯಂಥ ತಂತಿಯ ತಾಮ್ರ ಕಾಣುತ್ತಿತ್ತು. ಆಗ ಕೇಬಲ್‌ನ ಬೆಲೆ 650 ರೂಪಾಯಿ ಇತ್ತು.

ನನ್ನ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಅದರ ಹೊಸ್ತಿಲಲ್ಲಿ ನಿಂತಿದ್ದೀರಿ. ಬೇರೆ ಮಾನಿಟರ್‌ನಲ್ಲಿ ನೋಡಿದ್ದು ತಪ್ಪಲ್ಲ, ಮುಚ್ಚಳವನ್ನು ಅಲುಗಿಸದೆ ನೋಡಿದ್ದು ತಪ್ಪು. ಮದರ್‌ಬೋರ್ಡ್‌ಗೂ ಪ್ಯಾನೆಲ್‌ಗೂ ನಡುವೆ ಕೇಬಲ್ ಒಂದಿದೆ, ದಿನಕ್ಕೆ ಹತ್ತು ಸಲ ಮುಚ್ಚಳ ತೆರೆದು ಮುಚ್ಚುವಾಗ ಹಿಂಜ್‌ನ ಬಳಿ ಬಾಗಿ ಸವೆಯುವುದು ಅದೇ ಎಂಬುದು ನನ್ನ ಲೆಕ್ಕಕ್ಕೇ ಬರಲಿಲ್ಲ. ಪ್ಯಾನೆಲ್ ಬದಲಿಸುವಾಗ ಅದೇ ಕೇಬಲನ್ನು ಬಿಚ್ಚಿ, ನೇರಮಾಡಿ, ಮತ್ತೆ ಸಿಕ್ಕಿಸಿದ್ದರಿಂದ ತುಂಡಾದ ಎಳೆಗಳು ಕೆಲವು ದಿನ ಒಂದಕ್ಕೊಂದು ತಾಗಿಕೊಂಡಿದ್ದವು. ಅದನ್ನೇ ನಾನು ಹೊಸ ಪ್ಯಾನೆಲ್‌ನ ಗುಣವೆಂದು ತಿಳಿದೆ. ಅಂಗಡಿಯಲ್ಲಿಯೂ ಮುಚ್ಚಳವನ್ನು ಒಂದೇ ಕೋನದಲ್ಲಿ ನಿಲ್ಲಿಸಿ ನೋಡಿ ಹಣ ಕೊಟ್ಟೆ.

ಕೆಂಪು ಮಾತ್ರ ಹೋದದ್ದಕ್ಕೂ ಕಾರಣವಿದೆ. ನನ್ನದು ಪರದೆಗೆ ಚಿತ್ರ ಕಳುಹಿಸುವ ಎಲ್‌ವಿಡಿಎಸ್ ಎಂಬ ಹಳೆಯ ಪದ್ಧತಿಯ, 40 ಪಿನ್ನಿನ ಕೇಬಲ್. ಅದರಲ್ಲಿ ಬಣ್ಣದ ಮಾಹಿತಿ ಮೂರು ಜೋಡಿ ತಂತಿಗಳಲ್ಲಿ ಹಂಚಿಹೋಗುತ್ತದೆ, ಕೆಂಪು ಎಷ್ಟಿರಬೇಕೆಂದು ಹೇಳುವ ಆರೂ ಬಿಟ್‌ಗಳು (ಸೊನ್ನೆ-ಒಂದರ ಅಂಕಿಗಳು) ಮೊದಲ ಜೋಡಿಯಲ್ಲೇ ಸಾಗುತ್ತವೆ. ಆ ಜೋಡಿ ಕಡಿದರೆ ಕೆಂಪು ಪೂರ್ತಿ ಹೋಗುತ್ತದೆ. ಅದರ ಜಾಗಕ್ಕೆ ಬಂದಿರುವ ಇಡಿಪಿ ಎಂಬ ಈಗಿನ ಪದ್ಧತಿಯ ಕೇಬಲ್‌ಗಳಲ್ಲಿ ಬಣ್ಣಕ್ಕೊಂದು ತಂತಿಯೆಂಬ ವ್ಯವಸ್ಥೆಯಿಲ್ಲದ ಕಾರಣ, ದೋಷವು ಹೆಚ್ಚಾಗಿ ಮಿಣುಕಾಗಿ, ಗೆರೆಗಳಾಗಿ ಅಥವಾ ಕತ್ತಲೆಯಾಗಿ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ‘ಯಾವ ಪ್ಯಾನೆಲ್’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ಪರದೆಯ ಬಣ್ಣವನ್ನೇ ಬದಲಿಸುವ ವಿಂಡೋಸ್‌ನ ಸೆಟ್ಟಿಂಗ್‌ಗಳಾದ ನೈಟ್ ಲೈಟ್ ಮತ್ತು ಕಲರ್ ಫಿಲ್ಟರ್ ಆಫ್ ಆಗಿವೆಯೇ ನೋಡಿ. ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳುಹಿಸಿ. ಅಲ್ಲಿ ಬಣ್ಣ ಸರಿಯಿದ್ದರೆ ಚಿತ್ರ ಕೆಡುತ್ತಿರುವುದು ಪರದೆಯ ಹಾದಿಯಲ್ಲಿ. ಡೆಲ್ ಲ್ಯಾಪ್‌ಟಾಪ್ ಆಗಿದ್ದರೆ, ಡಿ ಕೀ ಒತ್ತಿ ಹಿಡಿದು ಪವರ್ ಆನ್ ಮಾಡಿ. ಪರದೆ ಒಂದಾದ ಮೇಲೊಂದು ಬಣ್ಣ ತೋರಿಸುತ್ತ ತನ್ನನ್ನೇ ಪರೀಕ್ಷಿಸಿಕೊಳ್ಳುತ್ತದೆ. ಬಳಿಕ ಬಿಳಿ ಪುಟ ತೆರೆದು ಮುಚ್ಚಳವನ್ನು ನಿಧಾನವಾಗಿ ಬಾಗಿಸಿ. ಬಾಗಿಸಿದಂತೆ ಬಣ್ಣ ಬದಲಾದರೆ ಕೇಬಲ್ ನೋಡಿಸದೆ ಪ್ಯಾನೆಲ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸ್ವತಃ ಬಿಚ್ಚುವುದಾದರೆ ಬ್ಯಾಟರಿಯ ಸಂಪರ್ಕವನ್ನು ಮೊದಲು ತೆಗೆಯಿರಿ; ಬ್ಯಾಕ್‌ಲೈಟ್‌ನ (ಪರದೆಯ ಹಿಂದಿನಿಂದ ಬೆಳಗುವ ದೀಪದ) ವಿದ್ಯುತ್ತೂ ಅದೇ ಕೇಬಲ್‌ನಲ್ಲಿ ಬರುವುದರಿಂದ, ಪಿನ್ನುಗಳು ತಪ್ಪಾಗಿ ತಾಗಿದರೆ ಮದರ್‌ಬೋರ್ಡ್‌ನ ಫ್ಯೂಸ್ ಹೋಗಬಹುದು.

ಇಷ್ಟೆಲ್ಲ ಆದ ಮೇಲೂ ದೋಷ ಪ್ಯಾನೆಲ್‌ನದೇ ಎಂದಾದರೆ ಕಂಪ್ಯಾಟಿಬಲ್ ಸಾಕು. ಹಳೆಯದರ ಬೆನ್ನಿಗೆ ಅಂಟಿಸಿರುವ ಲೇಬಲ್‌ನ ಮಾದರಿ ಸಂಖ್ಯೆಗೆ ಅದು ಹೊಂದುವಂಥದ್ದಾಗಿರಬೇಕು, ಪಿನ್ನುಗಳ ಸಂಖ್ಯೆ ಮತ್ತು ರೆಸಲ್ಯೂಶನ್ (ಪರದೆಯ ಚುಕ್ಕೆಗಳ ಸಂಖ್ಯೆ) ಒಂದೇ ಇರಬೇಕು. ಅಂಗಡಿಯಲ್ಲೇ ಕುಳಿತು ಮುಚ್ಚಳವನ್ನು ಹತ್ತು ಸಲ ಬಾಗಿಸಿ ನೋಡಿ, ಆಮೇಲೆ ಹಣ ಕೊಡಿ, ಹಳೆಯ ಪ್ಯಾನೆಲನ್ನು ಕೇಳಿ ಮನೆಗೆ ತನ್ನಿ.